‘ನಾನು ಬ್ರೇಕನ್ನೇ ತುಳಿದಿದ್ದೆ’ ಎನ್ನುವವರು ಸುಳ್ಳು ಹೇಳುತ್ತಾರೆಯೇ?

ನೀವು ಎರಡು ವಿಷಯ ಕೇಳಿದ್ದೀರಿ: ಬ್ರೇಕ್ ಬದಲು ಆಕ್ಸಿಲರೇಟರ್ ತುಳಿದು ಅಪಘಾತ ಮಾಡಿದವರು ‘ಬ್ರೇಕ್ ಹಿಡಿಯಲಿಲ್ಲ’ ಎನ್ನುವುದು ಶಿಕ್ಷೆ ತಪ್ಪಿಸಿಕೊಳ್ಳುವ ಸುಳ್ಳೇ? ವಯಸ್ಸಾದ ತಂದೆಗೆ ಆಟೊಮ್ಯಾಟಿಕ್ ಕಾರು ಕೊಡಿಸಬಹುದೇ?

ಕಾರು ಕಲಿಸುವುದೇ ನನ್ನ ಕೆಲಸ. ಮೊದಲನೆಯದಕ್ಕೆ ನನ್ನ ಉತ್ತರ: ಬಹಳಷ್ಟು ಸಲ ಅದು ಸುಳ್ಳಲ್ಲ. ಅವರು ಹಾಗೆಂದೇ ಮನಸಾರೆ ನಂಬಿರುತ್ತಾರೆ. ಓಡಿಸುವಾಗ ಯಾರೂ ಪಾದ ನೋಡಿಕೊಳ್ಳುವುದಿಲ್ಲ. ‘ಬ್ರೇಕ್’ ಎಂದು ಮಿದುಳು ಹೇಳಿಯಾಗಿದೆ, ಪಾದ ಸ್ವಲ್ಪ ಬಲಕ್ಕೆ ಬಿದ್ದಿದೆ. ಕಾರು ನುಗ್ಗಿದ ಕೂಡಲೇ ‘ಬ್ರೇಕ್ ಸಾಲುತ್ತಿಲ್ಲ’ ಎನಿಸುತ್ತದೆ, ಇನ್ನಷ್ಟು ಬಲವಾಗಿ ತುಳಿಯುತ್ತಾರೆ. ಕಾಲು ತೆಗೆಯಬೇಕೆಂದು ಹೊಳೆಯುವುದೇ ಇಲ್ಲ.

2024ರ ಜುಲೈ 1ರ ರಾತ್ರಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ, ಸಿಟಿ ಹಾಲ್ ನಿಲ್ದಾಣದ ಬಳಿ, ಕಾರೊಂದು ಏಕಮುಖ ರಸ್ತೆಯಲ್ಲಿ ಎದುರು ದಿಕ್ಕಿಗೆ ನುಗ್ಗಿ ಒಂಬತ್ತು ಮಂದಿ ಸತ್ತರು. ಚಾಲಕನಿಗೆ 68 ವರ್ಷ, ದಶಕಗಳ ಕಾಲ ಬಸ್ ಓಡಿಸಿದ ಅನುಭವ. ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿತ್ತು ಎಂದೇ ಆತ ಹೇಳುತ್ತಾ ಬಂದ. ಆದರೆ ಕಾರಿನೊಳಗಿನ ಯಂತ್ರ ಉಳಿಸಿಕೊಂಡ ದಾಖಲೆಯಲ್ಲಿದ್ದದ್ದು ಆಕ್ಸಿಲರೇಟರ್ ತುಳಿದ ಗುರುತು. ಆತನ ಬಲ ಶೂವಿನ ಅಡಿಯಲ್ಲೂ ಆಕ್ಸಿಲರೇಟರ್ ಪೆಡಲಿನ ಅಚ್ಚು ಮೂಡಿತ್ತು. ಅಚ್ಚು ಮೂಡುವಷ್ಟು ಬಲವಾಗಿ ತುಳಿದವನ ಮನಸ್ಸಿನಲ್ಲಿ ಏನಿತ್ತು ಎಂದು ನೆನೆದರೆ ನನಗೆ ಈಗಲೂ ಎದೆ ಭಾರವಾಗುತ್ತದೆ. ಸತ್ತವರ ಮನೆಯವರಿಗೆ ಇದರಿಂದ ಯಾವ ಸಮಾಧಾನವೂ ಇಲ್ಲ, ಅದೂ ಸತ್ಯ.

ಎಲ್ಲವನ್ನೂ ಚಾಲಕರ ತಲೆಗೆ ಕಟ್ಟುವುದೂ ಅನ್ಯಾಯ. 2009–10ರಲ್ಲಿ ಟೊಯೊಟಾ ಕಾರುಗಳಲ್ಲಿ ಮ್ಯಾಟ್‌ಗೆ ಸಿಕ್ಕಿಕೊಂಡ ಆಕ್ಸಿಲರೇಟರ್ ಪೆಡಲ್, ತುಳಿದ ಮೇಲೆ ಮೇಲೇಳದ ಪೆಡಲ್ ಎರಡೂ ನಿಜವಾದ ದೋಷಗಳೇ ಆಗಿದ್ದವು. ಅದಕ್ಕೂ ಮೊದಲು, 1980ರ ದಶಕದಲ್ಲಿ ಅಮೆರಿಕದಲ್ಲಿ ಆಡಿ 5000 ಕಾರಿನ ಮೇಲೂ ‘ತಾನಾಗಿ ನುಗ್ಗುತ್ತದೆ’ ಎಂಬ ದೂರಿನ ಗದ್ದಲ ಎದ್ದಿತ್ತು. ಆದರೆ ಅಲ್ಲಿನ ಸರ್ಕಾರದ 1989ರ ವರದಿ ಬಹುಪಾಲು ಪ್ರಕರಣಗಳಿಗೆ ತಪ್ಪು ಪೆಡಲನ್ನೇ ಕಾರಣವೆಂದಿತು. ಬ್ರೇಕ್ ತುಳಿಯದೆ ಆಟೊಮ್ಯಾಟಿಕ್ ಕಾರಿನ ಗೇರ್ ‘ಪಿ’ (ಪಾರ್ಕ್, ಅಂದರೆ ಕಾರು ನಿಲ್ಲಿಸಿಡುವ ಸ್ಥಾನ) ಇಂದ ಕದಲದಂತೆ ಮಾಡಿದ ಬೀಗ ಆ ಗದ್ದಲದಿಂದಲೇ ಬಂತು. ತಪ್ಪುವ ಕಾಲನ್ನು ಬೈಯುವುದಕ್ಕಿಂತ ಇಂತಹ ಬೀಗ ಹಾಕುವುದೇ ಸರಿಯಾದ ದಾರಿ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಜಪಾನ್ 2028ರ ಸೆಪ್ಟೆಂಬರ್‌ನಿಂದ ಹೊಸ ಆಟೊಮ್ಯಾಟಿಕ್ ಕಾರುಗಳಿಗೆ, ಎದುರಿಗೆ ಅಡ್ಡಿ ಇರುವಾಗ ಆಕ್ಸಿಲರೇಟರ್ ಪೂರ್ತಿ ತುಳಿದರೂ ಕಾರು ನುಗ್ಗದಂತೆ ತಡೆಯುವ ಸಾಧನವನ್ನು ಕಡ್ಡಾಯ ಮಾಡುತ್ತಿದೆ.

ಇನ್ನು ನಿಮ್ಮ ತಂದೆಯ ವಿಷಯ. ಗೇರಿನ ಕಾರಿನಲ್ಲಿ ಗಾಬರಿಯಾದಾಗ ಎಡಗಾಲು ತಾನಾಗಿ ಕ್ಲಚ್ ಒತ್ತುತ್ತದೆ. ತಪ್ಪು ಪೆಡಲ್ ತುಳಿದರೂ ಎಂಜಿನ್ ಅರಚುತ್ತದೆ, ಚಕ್ರಕ್ಕೆ ಶಕ್ತಿ ಹೋಗುವುದಿಲ್ಲ. ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲೇ ಇರುವುದಿಲ್ಲ, ಹಾಗಾಗಿ ಆ ರಕ್ಷಣೆಯೂ ಇಲ್ಲ. ಹಾಗೆಂದು ಕೊಡಿಸಬೇಡಿ ಎನ್ನುವುದಿಲ್ಲ, ಮೊಣಕಾಲು ನೋವಿರುವವರಿಗೆ ಅದು ದೊಡ್ಡ ಅನುಕೂಲ. ಮೊದಲ ಕೆಲವು ವಾರ ಪಕ್ಕದಲ್ಲಿ ಕುಳಿತು ರಿವರ್ಸ್ ತೆಗೆಯುವಾಗ ಅವರ ಬಲಗಾಲನ್ನೇ ಗಮನಿಸಿ. ಸೊಂಟ ತಿರುಗಿಸಿ ಹಿಂದೆ ನೋಡುವಾಗ ಹಿಮ್ಮಡಿ ನೆಲ ಬಿಟ್ಟು ಪಾದ ಬಲಕ್ಕೆ ಜಾರುವುದನ್ನು ನಾನು ಕಲಿಯಲು ಬರುವವರಲ್ಲಿ ಮತ್ತೆ ಮತ್ತೆ ಕಾಣುತ್ತೇನೆ. ಹಿಮ್ಮಡಿ ಬ್ರೇಕಿನ ನೇರಕ್ಕೆ ಊರಿರಬೇಕು, ಆಕ್ಸಿಲರೇಟರಿಗೆ ಪಾದದ ತುದಿ ಮಾತ್ರ ತಿರುಗಬೇಕು. ಸಡಿಲ ಚಪ್ಪಲಿ ಬೇಡ. ಕಾರು ತಾನಾಗಿ ನುಗ್ಗಿದಂತೆ ಅನಿಸಿದರೆ ಎರಡೂ ಪೆಡಲಿನಿಂದ ಕಾಲೆತ್ತಿ, ಗೇರನ್ನು ನ್ಯೂಟ್ರಲ್‌ಗೆ ತಳ್ಳಿ, ಆಮೇಲೆ ಬ್ರೇಕ್ ತುಳಿಯಬೇಕು. ಖಾಲಿ ಮೈದಾನದಲ್ಲಿ ಇದನ್ನು ಅವರ ಕೈಯಿಂದಲೇ ಮಾಡಿಸಿ, ಬಾಯಲ್ಲಿ ಹೇಳಿದರೆ ಸಾಲದು.