ಹಾಡು ರೆಕಾರ್ಡ್ ಮಾಡೋ ಅಡಾಸಿಟಿ ಸಾಫ್ಟ್‌ವೇರಿನಲ್ಲಿ ತಬಲಾಗೂ ಹಾಡಿಗೂ ತಾಳ ಕೂಡ್ತಿಲ್ಲ. ಅದೇ ಥರದ ರೀಪರ್‌ಗೆ ಹೋಗಲಾ, ಲ್ಯಾಪ್‌ಟಾಪೇ ಬದಲಾಯಿಸಲಾ?

ಎರಡೂ ಬೇಡ. ಮೊದಲು ಕುತ್ತಿಗೆಗೆ ಹಾಕಿಕೊಂಡಿರುವ ಆ ಬ್ಲೂಟೂತ್ ನೆಕ್‌ಬ್ಯಾಂಡ್ ತೆಗೆದು ಪಕ್ಕಕ್ಕಿಡಿ.

ನೆಕ್‌ಬ್ಯಾಂಡಿನಲ್ಲಿ ತಬಲಾ ಟ್ರ್ಯಾಕ್ ಕೇಳಿಕೊಂಡು ಹಾಡಿದರೆ ದನಿ ಹಿಂದೆ ಬೀಳುತ್ತೆ, ನಡುನಡುವೆ ಚಟಪಟ ಶಬ್ದ, ಬಿಟ್ಟಿ ಸಾಫ್ಟ್‌ವೇರ್ ಆದ್ದರಿಂದ ಹೀಗಾ ಅಂತ ಕೇಳಿದ್ದೀರಿ. ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. 2019ರಲ್ಲಿ ಹಾಸನದ ನಮ್ಮ ಮನೆಯ ಮಹಡಿ ಮೇಲೆ ಕೂತು ನಾನೂ ಅಕ್ಷರ ಬಿಡದೆ ಇದನ್ನೇ ಅಂದುಕೊಂಡಿದ್ದೆ.

ನನ್ನ ಹೆಂಡತಿಯ ತವರು ಆಲೂರು ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಮ್ಮತ್ತೆಯ ಅಕ್ಕ ಇದ್ದಾರೆ, ದೊಡ್ಡತ್ತೆ ಅಂತೀವಿ. ಸೋಬಾನೆ ಹೇಳೋಕೆ ಸುತ್ತಲ ನಾಲ್ಕೂರಿಗೆ ಅವರೇ ಬೇಕು. ಆ ವರ್ಷ ಕಾಫಿ ಕುಯ್ಲು ಮುಗಿದು ಎಲ್ಲರಿಗೂ ಸ್ವಲ್ಪ ಬಿಡುವಾದಾಗ ಒಂದು ಯುಎಸ್‌ಬಿ ಮೈಕು, ಹಳೇ ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ. ನಡುಮನೆಯಲ್ಲಿ ಚಾಪೆ ಹಾಸಿ, ರಾಗಿ ಡಬ್ಬ ಬೋರಲು ಹಾಕಿ ಅದರ ಮೇಲೆ ಮೈಕಿಟ್ಟೆ. ಐದು ಜನ ಹೆಂಗಸರು. ದೊಡ್ಡತ್ತೆ ಒಂದು ಸಾಲು ಹೇಳೋದು, ಉಳಿದ ನಾಲ್ವರು ಸೊಲ್ಲು ಹಿಡಿಯೋದು. ಹೆಣ್ಣು ಒಪ್ಪಿಸಿಕೊಡುವ ಪದ ನಡೆಯುತ್ತಿದ್ದಾಗ ಕೊಟ್ಟಿಗೆಯಲ್ಲಿ ಕರು ಅರಚಿತು. ಐವರೂ ಒಟ್ಟಿಗೆ ನಕ್ಕರು. ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಬಿಟ್ಟ ಸಾಲನ್ನೇ ಅದೇ ಶ್ರುತಿಯಲ್ಲಿ ಎತ್ತಿಕೊಂಡರು. ಹಾರ್ಮೋನಿಯಂ ಇಲ್ಲ, ತಂಬೂರಿ ಇಲ್ಲ. ಒಟ್ಟು 41 ನಿಮಿಷ.

ಅಷ್ಟಕ್ಕೇ ಬಿಡಬೇಕಿತ್ತು. ನನಗೆ ಅದಕ್ಕೆ ಹಾರ್ಮೋನಿಯಂ ಕೂಡಿಸುವ ಹುಚ್ಚು. ಮನೆಗೆ ಬಂದು ನೆಕ್‌ಬ್ಯಾಂಡ್ ಹಾಕಿಕೊಂಡು, ಹಾಡು ಕೇಳುತ್ತಾ ಇನ್ನೊಂದು ಟ್ರ್ಯಾಕಿನಲ್ಲಿ ನುಡಿಸಿದೆ. ನುಡಿಸುವಾಗ ಸರಿಯಾಗೇ ಇರುತ್ತೆ. ಪ್ಲೇ ಮಾಡಿದರೆ ಹಾರ್ಮೋನಿಯಂ ಒಂದು ಹೆಜ್ಜೆ ಹಿಂದೆ, ದಿಬ್ಬಣದಲ್ಲಿ ಕಾಲುನೋವಿನವರು ಬಂದ ಹಾಗೆ. ಜತೆಗೆ ನಿಮ್ಮದೇ ಚಟಪಟ. ಹದಿನೈದು ದಿನ ಒದ್ದಾಡಿದೆ. ಕೊನೆಗೆ ಲ್ಯಾಪ್‌ಟಾಪ್ ಹಳೇದಾಯ್ತು ಅಂತ ತೀರ್ಮಾನ ಮಾಡಿ 46,000 ಕೊಟ್ಟು ಹೊಸದು ತಂದೆ. ಹಳೇದನ್ನು ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ಬೇಕಾದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ನಾನೇ ಕೈಯಾರೆ ಫಾರ್ಮ್ಯಾಟ್ ಮಾಡಿದೆ.

ಇಲ್ಲಿಂದ ಸ್ವಲ್ಪ ಉದ್ದ ಹೇಳ್ತೀನಿ, ಸಹಿಸಿಕೊಳ್ಳಿ. ಆಗಿನ ಅಡಾಸಿಟಿಯಲ್ಲಿ ಪ್ರಾಜೆಕ್ಟ್ ಸೇವ್ ಮಾಡಿದರೆ ಎರಡು ವಸ್ತು ಆಗುತ್ತಿದ್ದವು. ಒಂದು, ಎಯುಪಿ ಅಂತ ಕೊನೆಯಾಗುವ ಫೈಲು. ಇನ್ನೊಂದು, ಅದೇ ಹೆಸರಿನ ಮುಂದೆ ಡೇಟಾ ಅಂತ ಇರುವ ಫೋಲ್ಡರು. ಫೋಲ್ಡರ್ ತೆರೆದರೆ ತಲೆಬುಡ ಅರ್ಥವಾಗದ ಹೆಸರಿನ ನಾನೂರು ಚಿಲ್ಲರೆ ಪುಟ್ಟ ಫೈಲುಗಳು, ಒಂದೊಂದೂ ಒಂದು ಎಂಬಿ ಆಸುಪಾಸು. ಟೆಂಪರರಿ ಕಸ ಇರಬೇಕು ಅಂದುಕೊಂಡು ಬಿಟ್ಟೆ. ಎಯುಪಿ ಫೈಲಿಗೆ ಅಡಾಸಿಟಿಯ ಚಿತ್ರ ಇತ್ತು, ಮೇಲೆ ನಾನಿಟ್ಟ 'ಸೋಬಾನೆ' ಅನ್ನೋ ಹೆಸರಿತ್ತು, ಡಬಲ್ ಕ್ಲಿಕ್ ಮಾಡಿದರೆ ಹಾಡು ತೆರೆಯುತ್ತಿತ್ತು. ಇನ್ನೇನು ಬೇಕು? ಅದೊಂದನ್ನೇ ಕಾಪಿ ಮಾಡಿದೆ. ಆದರೆ ಹಾಡು ಇದ್ದದ್ದು ಆ ಕಸದಲ್ಲೇ. ಎಯುಪಿಯಲ್ಲಿ ಇದ್ದದ್ದು ಯಾವ ತುಂಡಿನ ಮುಂದೆ ಯಾವ ತುಂಡು ಬರಬೇಕು ಅನ್ನೋ ಬರೀ ಪಟ್ಟಿ. ಜಮೀನು ಬಿಟ್ಟು ಪಹಣಿ ಮಾತ್ರ ಜೇಬಿಗೆ ಹಾಕಿಕೊಂಡು ಬಂದಿದ್ದೆ.

ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದಾಗ ಫೈಲುಗಳು ಸಿಗ್ತಿಲ್ಲ, ಆ ಜಾಗದಲ್ಲಿ ಮೌನ ತುಂಬಿಸಲಾ ಅಂತ ಕೇಳಿತು. ಪೆನ್‌ಡ್ರೈವ್ ತೆಗೆದು ಮತ್ತೆ ಚುಚ್ಚಿದೆ. ಮತ್ತೆ ಅದೇ. ಸರಿ ತುಂಬಿಸು ಅಂದೆ. ಟ್ರ್ಯಾಕ್ ಬಂತು, ಉದ್ದ 41 ನಿಮಿಷ ಸರಿಯಾಗೇ ಇತ್ತು, ಅಲೆ ಕಾಣಬೇಕಾದ ಕಡೆ ಉದ್ದಕ್ಕೂ ಒಂದು ಗೆರೆ. ಜೂಮ್ ಮಾಡಿ ಕರು ಕೂಗಿದ ಜಾಗ ಹುಡುಕಿದೆ, ಅಲ್ಲೂ ಗೆರೆ. ಸೈಜ್ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಅಡಾಸಿಟಿ ಮಾಮೂಲಿ ಸೆಟ್ಟಿಂಗಿನಲ್ಲಿ, ಅಂದರೆ 44,100 ಹರ್ಟ್ಸ್, 32 ಬಿಟ್, ಒಂದೇ ಮೈಕು ಇದ್ದರೆ ನಿಮಿಷಕ್ಕೆ ಹತ್ತು ಎಂಬಿ ಮೇಲೇ ತಿನ್ನುತ್ತೆ. 41 ನಿಮಿಷಕ್ಕೆ 430 ಎಂಬಿ ದಾಟಬೇಕು. ನನ್ನ ಫೈಲ್ ಇದ್ದದ್ದು 70 ಕೆಬಿ. ಒಂದು ಲಗ್ನಪತ್ರಿಕೆಯ ಫೋಟೋ ಕೂಡ ಅದಕ್ಕಿಂತ ಜಾಸ್ತಿ ಇರುತ್ತೆ.

2021ರ ಮಾರ್ಚಿನಲ್ಲಿ ಬಂದ ಅಡಾಸಿಟಿ 3.0ರಿಂದ ಎಲ್ಲ ಒಂದೇ ಫೈಲಿನಲ್ಲಿರುತ್ತೆ, ಅದಕ್ಕೇ ಈಗಿನವರಿಗೆ ಈ ಕಥೆ ಗೊತ್ತಿಲ್ಲ. ಆದರೆ ನೀವು ಹೋಗ್ತೀನಿ ಅಂತಿರೋ ರೀಪರ್‌ನಲ್ಲಿ ಇವತ್ತಿಗೂ ಪ್ರಾಜೆಕ್ಟ್ ಫೈಲ್ ಬೇರೆ, ಹಾಡಿನ ಫೈಲುಗಳು ಬೇರೆ. ಪ್ರಾಜೆಕ್ಟನ್ನು ಸೇವ್ ಮಾಡದೇ ರೆಕಾರ್ಡ್ ಒತ್ತಿದರೆ ಹಾಡು ಡಾಕ್ಯುಮೆಂಟ್ಸ್ ಒಳಗಿನ 'ರೀಪರ್ ಮೀಡಿಯಾ' ಫೋಲ್ಡರಿನಲ್ಲಿ ಹೋಗಿ ಕೂರುತ್ತೆ. ರೀಪರ್ ಒಳ್ಳೇದೇ, 60 ದಿನ ಸುಮ್ನೆ ಬಳಸಿ ನೋಡಬಹುದು, ಆಮೇಲೆ ಮನೆಬಳಕೆಗೆ 60 ಡಾಲರ್. ಹೋಗೋದಾದರೆ ಸೇವ್ ಆ್ಯಸ್ ಮಾಡುವಾಗ ಮೀಡಿಯಾ ಎಲ್ಲ ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡು ಅನ್ನೋ ಟಿಕ್ ಹಾಕಿ. ಯಾವ ಸಾಫ್ಟ್‌ವೇರ್ ಆದರೂ ಅವತ್ತಿನ ಹಾಡನ್ನು ಅವತ್ತೇ ವೇವ್ ಅನ್ನೋ ಮಾಮೂಲಿ ಆಡಿಯೋ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ, ಇನ್ನೊಂದು ಕಡೆ ಇಡಿ, ಅಲ್ಲಿಂದ ಒಮ್ಮೆ ಪ್ಲೇ ಮಾಡಿ ಕೇಳಿ. ಹಳೇದನ್ನು ಅಳಿಸೋದು ಆಮೇಲೆ.

ತಾಳದ ವಿಷಯಕ್ಕೆ ಬರ್ತೀನಿ. 46,000 ಸುರಿದ ಮೇಲೂ, ಬೇರೆ ಹಾಡಿಗೆ ನುಡಿಸಿದರೂ ಹಾರ್ಮೋನಿಯಂ ಹಿಂದೆಯೇ ಇತ್ತು. ಗಣಪತಿ ಹಬ್ಬಕ್ಕೆ ನಮ್ಮ ಬೀದಿಯ ಪೆಂಡಾಲಿಗೆ ಮೈಕ್‌ಸೆಟ್ ಹಾಕಲು ಬಂದಿದ್ದ ಹುಡುಗನಿಗೆ ಗೋಳು ಹೇಳಿಕೊಂಡೆ. ಅವನು ನನ್ನ ಕುತ್ತಿಗೆ ನೋಡಿ, "ಅಣ್ಣ, ಇದ್ರಲ್ಲಿ ಕೇಳ್ಕೊಂಡು ನುಡಿಸಿದ್ರಾ?" ಅಂದ. ಅಷ್ಟೇ. ವೈರ್ ಬಿಚ್ಚುತ್ತಾ ಹೊರಟುಹೋದ.

ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಮುಟ್ಟುವಷ್ಟರಲ್ಲಿ 150ರಿಂದ 250 ಮಿಲಿಸೆಕೆಂಡ್ ಕಳೆಯೋದು ಸಾಮಾನ್ಯ. ನಿಮಿಷಕ್ಕೆ 90 ಹೊಡೆತದ ಲಯದಲ್ಲಿ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ 667 ಮಿಲಿಸೆಕೆಂಡ್. ಅಂದರೆ ಕಾಲುಭಾಗ ಕಿವಿಯಲ್ಲೇ ಹೋಯ್ತು. ನೀವು ತಡವಾಗಿ ಕೇಳಿದ್ದಕ್ಕೆ ಸರಿಯಾಗಿ ಹಾಡ್ತೀರಿ, ಅದು ತಡವಾಗೇ ದಾಖಲಾಗುತ್ತೆ. ನಿಮ್ಮ ತಪ್ಪೂ ಅಲ್ಲ, ಅಡಾಸಿಟಿಯದೂ ಅಲ್ಲ. ನೆಕ್‌ಬ್ಯಾಂಡಿನ ಮೈಕಲ್ಲೇ ಹಾಡ್ತಿದ್ದರಂತೂ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿದಿರುತ್ತೆ.

ವೈರಿರುವ ಇಯರ್‌ಫೋನ್ ಹಾಕಿದ ಮೇಲೂ ಚೂರು ಉಳಿಯಬಹುದು. ಅದಕ್ಕೆ ಟಿಕ್ ಟಿಕ್ ಅಂತ ತಾಳ ಹೊಡೆಯುವ ಒಂದು ಕ್ಲಿಕ್ ಟ್ರ್ಯಾಕ್ ಮಾಡಿ, ಇಯರ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಆ ಕ್ಲಿಕ್ಕನ್ನೇ ಇನ್ನೊಂದು ಟ್ರ್ಯಾಕಿನಲ್ಲಿ ರೆಕಾರ್ಡ್ ಮಾಡಿ. ಎರಡರ ನಡುವಿನ ಅಂತರ ಅಳೆಯಿರಿ. ಪ್ರಿಫರೆನ್ಸಸ್ ಒಳಗೆ ಲೇಟೆನ್ಸಿ ಕಾಂಪೆನ್ಸೇಷನ್ ಅಂತ, ತಡವನ್ನು ಸರಿಹೊಂದಿಸುವ ಸೆಟ್ಟಿಂಗ್ ಇದೆ, ಮೊದಲಿಂದ ಮೈನಸ್ 130 ಮಿಲಿಸೆಕೆಂಡ್ ಇರುತ್ತೆ. 40 ಹಿಂದಿದ್ದರೆ ಮೈನಸ್ 170 ಮಾಡಿ. ಮುಗೀತು.

ಚಟಪಟಕ್ಕೆ ಪವರ್ ಸೆಟ್ಟಿಂಗನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ವೈಫೈ ಆರಿಸಿ, ಬಫರ್ (ಶಬ್ದವನ್ನು ಸ್ವಲ್ಪ ಮುಂಗಡ ಕೂಡಿಟ್ಟುಕೊಳ್ಳೋ ಜಾಗ) ಜಾಸ್ತಿ ಮಾಡಿ. ನನ್ನದು ವೈಫೈ ಆರಿಸಿದ್ದಕ್ಕೇ ಮುಕ್ಕಾಲು ಹೋಯ್ತು. ಚಾರ್ಜರ್ ಚುಚ್ಚಿದಾಗ ಗುಂಯ್ ಅಂದರೆ ಕಿತ್ತು ಬ್ಯಾಟರಿಯಲ್ಲಿ ಹಾಡಿ, ಹಳೇ ಮನೆಗಳಲ್ಲಿ ಅರ್ತಿಂಗ್ ಅಷ್ಟಕ್ಕಷ್ಟೇ. ಮೂಡಿಗೆರೆ ಕಡೆ, ಶೀಟ್ ಮನೆ ಅಂತ ಬೇರೆ ಬರೆದಿದ್ದೀರಿ. ಮಳೆಯ ಸದ್ದನ್ನು ನಾಯ್ಸ್ ರಿಡಕ್ಷನ್‌ನಲ್ಲಿ ತೆಗೀತೀನಿ ಅಂತ ಹೊರಡಬೇಡಿ, ದನಿ ನೀರು ತುಂಬಿದ ಕೊಡದೊಳಗಿಂದ ಬಂದ ಹಾಗಾಗುತ್ತೆ. ಮಳೆ ನಿಂತ ಮೇಲೆ ಹಾಡಿ.

ದೊಡ್ಡತ್ತೆ ಹತ್ತಿರ ಮುಂದಿನ ವರ್ಷ ಮತ್ತೆ ಹೋದೆ. ಸೊಲ್ಲು ಹಿಡಿಯುತ್ತಿದ್ದ ಇಬ್ಬರು ಮಕ್ಕಳ ಜತೆ ಬೆಂಗಳೂರು ಸೇರಿದ್ದರು. ಬೇಜಾರಿಲ್ಲದೆ ಹಾಡಿದರು, 19 ನಿಮಿಷಕ್ಕೆ ಮುಗಿಯಿತು. ಹೋದ ಸಲ ಇನ್ನೂ ಉದ್ದ ಇತ್ತಲ್ಲ ಅಂದೆ. "ಆವತ್ತು ಬಂತು ಕಣಪ್ಪ, ಯೋಳ್ದೆ. ಇವತ್ತು ಇಷ್ಟೇಯ" ಅಂದು ಕಾಫಿ ಕಾಯಿಸಲು ಎದ್ದರು.

ನೀವು ಮೊದಲು ವೈರ್ ಹಾಕಿ ಎರಡು ಸಾಲು ಹಾಡಿ ನೋಡಿ. ಎಷ್ಟು ಮಿಲಿಸೆಕೆಂಡ್ ಹಿಂದಿದೆ ಅಂತ ಕೆಳಗೆ ಬರೆಯಿರಿ.