ಊರು ಬಿಟ್ಟು ಬಂದವರ ಹಾಡು: ಡೊಂಬಿವಲಿಯ ಮಾಸ್ತರರಿಗೆ ಉತ್ತರ

ಪ್ರಿಯ ಮಾಸ್ತರೇ,

ನಮಸ್ಕಾರ. ನಿಮ್ಮ ಪತ್ರ ಸಿಕ್ಕಿತು. ನಾಲ್ಕು ಪುಟ, ನೀಲಿ ಶಾಯಿ, ಒಂದು ಕಡೆ ಅಂಚು ಬಿಟ್ಟು ಬರೆದ ದುಂಡಗಿನ ಅಕ್ಷರ. ರಾತ್ರಿ ಶಾಲೆಯಲ್ಲಿ ವರ್ಷಗಟ್ಟಲೆ ಕಲಿಸಿದ ಕೈ ಅದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಉಳಿದ ಓದುಗರಿಗಾಗಿ ನಿಮ್ಮ ಮಾತನ್ನು ಚಿಕ್ಕದಾಗಿ ಇಲ್ಲಿ ಹೇಳಿಬಿಡುತ್ತೇನೆ.

ಕಳೆದ ಸಂಚಿಕೆಯಲ್ಲಿ ಮುಂಬೈಯ ಬ್ಲೂಸ್ ಸಂಗೀತದ ಸುದ್ದಿಗೆ ಎರಡು ಪುಟ ಕೊಟ್ಟಿದ್ದೆವು. ಅದೇ ಸಂಚಿಕೆಯಲ್ಲಿ ಮಾಟುಂಗದ ತಾಳಮದ್ದಳೆಗೆ ಸಿಕ್ಕಿದ್ದು ಅರ್ಧ ಕಾಲಮ್ಮು. ‘ಬಾಂದ್ರಾದ ಹಣವಂತರ ಮಕ್ಕಳು ಇಂಗ್ಲಿಷಿನಲ್ಲಿ ಅಳುವುದನ್ನು ಕನ್ನಡ ಪತ್ರಿಕೆಯಲ್ಲಿ ನಾವೇಕೆ ಓದಬೇಕು?’ ಎಂದು ಕೇಳಿದ್ದೀರಿ. ಆದರೆ ನಾಲ್ಕನೇ ಪುಟದ ಕೊನೆಗೆ ಇನ್ನೊಂದು ಪ್ರಶ್ನೆ ಇದೆ. ನಿಮ್ಮ ಮೊಮ್ಮಗಳಿಗೆ ಹದಿನಾರು ವರ್ಷ, ಗಿಟಾರ್ ಕಲಿಯುತ್ತಿದ್ದಾಳೆ, ಆ ಎರಡು ಪುಟ ಓದಿ ಕಾರ್ಯಕ್ರಮಕ್ಕೆ ಹೋಗಲೇಬೇಕು ಅಂತ ಹಟ ಹಿಡಿದಿದ್ದಾಳೆ. ಎಲ್ಲಿಗೆ ಕರೆದುಕೊಂಡು ಹೋಗಲಿ, ಹೋದರೆ ಏನು ಕೇಳಿಸಿಕೊಳ್ಳಲಿ ಎಂದು ಕೇಳಿದ್ದೀರಿ.

ತಾಳಮದ್ದಳೆಯ ವಿಷಯದಲ್ಲಿ ತಪ್ಪು ನಮ್ಮದೇ. ಅರ್ಥಧಾರಿಗಳ ಹೆಸರು ಬಿಟ್ಟರೆ ಆ ಅರ್ಧ ಕಾಲಮ್ಮಿನಲ್ಲಿ ಏನೂ ಇರಲಿಲ್ಲ. ಯಾರು ಏನು ವಾದಿಸಿದರು, ಎಲ್ಲಿ ಸಭೆ ಚಪ್ಪಾಳೆ ತಟ್ಟಿತು, ಒಂದೂ ಬರಲಿಲ್ಲ. ಅದನ್ನು ತಿದ್ದಿಕೊಳ್ಳುತ್ತೇವೆ. ಆದರೆ ಬ್ಲೂಸ್‌ಗೆ ಕೊಟ್ಟ ಎರಡು ಪುಟ ಜಾಸ್ತಿಯಾಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಹಾಡು ಹಣವಂತರ ಮನೆಯಲ್ಲಿ ಹುಟ್ಟಿದ್ದಲ್ಲ. ಅಮೆರಿಕದ ತೆಂಕಣ ಸೀಮೆಯ ಹತ್ತಿ ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಹಾಡು ಇದು. ಅವರ ಅಜ್ಜ ಅಜ್ಜಿಯರು ಗುಲಾಮರಾಗಿದ್ದವರು. ಹೊಲದಲ್ಲಿ ಒಬ್ಬ ಒಂದು ಸಾಲು ಎತ್ತುತ್ತಿದ್ದ, ಉಳಿದವರು ಅದಕ್ಕೆ ಉತ್ತರ ಕೊಡುತ್ತಿದ್ದರು, ಕೆಲಸ ಸಾಗುತ್ತಿತ್ತು. ನಮ್ಮ ಕರಾವಳಿಯ ಗದ್ದೆಯಲ್ಲಿ ನೇಜಿ ನೆಡುವಾಗ ಪಾಡ್ದನ ಹೇಗೆ ನಡೆಯುತ್ತಿತ್ತು, ನೆನಪಿದೆಯಾ? ಒಬ್ಬಾಕೆ ಎತ್ತಿಕೊಡುತ್ತಾಳೆ, ಸಾಲಿನಲ್ಲಿ ಬಗ್ಗಿ ನಿಂತವರೆಲ್ಲ ಹಿಡಿದುಕೊಳ್ಳುತ್ತಾರೆ. ನನ್ನ ಅಜ್ಜಿ ಹಾಗೆ ಎತ್ತಿಕೊಡುತ್ತಿದ್ದವಳು. ಮೊಣಕಾಲಿನ ತನಕ ಕೆಸರು, ತಲೆಯ ಮೇಲೆ ಗೊರಬು. ಹಾಡು ನಿಂತರೆ ಸೊಂಟ ನೋಯುತ್ತದೆ ಅನ್ನುತ್ತಿದ್ದಳು. ಮೊದಲ ಸಲ ಹಳೆಯ ಬ್ಲೂಸ್ ಧ್ವನಿಮುದ್ರಣವೊಂದನ್ನು ಕೇಳಿದಾಗ ನನಗೆ ಇಂಗ್ಲಿಷ್ ಮಾತು ಅರ್ಧಕ್ಕರ್ಧ ತಿಳಿಯಲಿಲ್ಲ. ಅಜ್ಜಿಯ ಸೊಂಟ ಮಾತ್ರ ನೆನಪಾಯಿತು.

ಆಮೇಲೆ ಆ ಜನ ಊರು ಬಿಟ್ಟರು. ಹೊಲದ ಸಾಲ, ಅವಮಾನ, ಹೊಡೆತ ತಾಳಲಾರದೆ ಲಕ್ಷಗಟ್ಟಲೆ ಮಂದಿ ರೈಲು ಹತ್ತಿ ಬಡಗಣ ನಗರಗಳಿಗೆ ಹೋದರು. ಮಡ್ಡಿ ವಾಟರ್ಸ್ ಎಂಬ ಗಾಯಕ 1943ರಲ್ಲಿ ಮಿಸಿಸಿಪ್ಪಿಯ ತೋಟದ ಕೆಲಸ ಬಿಟ್ಟು ಶಿಕಾಗೋಗೆ ಹೋದರು. ಹಗಲು ಕಾರ್ಖಾನೆ, ಲಾರಿ. ರಾತ್ರಿ ಗಿಟಾರು. ಊರಿನ ಅಂಗಳದಲ್ಲಿ ನುಡಿಸುತ್ತಿದ್ದ ಮರದ ಗಿಟಾರು ಶಿಕಾಗೋದ ಗಲಾಟೆಯ ಹೆಂಡದಂಗಡಿಯಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಹಾಗಾಗಿ ವಿದ್ಯುತ್ ಗಿಟಾರು ಹಿಡಿದರು. ಇವತ್ತು ಜಗತ್ತಿನಲ್ಲೆಲ್ಲ ಕೇಳುವ ಆ ಜೋರು ಬ್ಲೂಸ್ ಬೆಳೆದದ್ದು ಹೀಗೆ. ಊರಿನ ಹಾಡು ಪೇಟೆಯ ಗದ್ದಲದ ಮೇಲೆ ಎದ್ದು ನಿಲ್ಲಬೇಕಾಗಿತ್ತು.

ಮಾಸ್ತರೇ, ಇದನ್ನು ನಿಮಗೆ ನಾನು ವಿವರಿಸಬೇಕಾ? ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ನಿಮ್ಮ ಮುಂದೆ ಬೆಂಚಿನಲ್ಲಿ ತೂಕಡಿಸುತ್ತ ಕನ್ನಡ ಬರೆಯುತ್ತಿದ್ದ ಹುಡುಗರು ಎಲ್ಲಿಂದ ಬಂದವರು? ಉಡುಪಿ, ಕುಂದಾಪುರ, ಕಾರ್ಕಳದ ಹಳ್ಳಿಗಳಿಂದ ಬಸ್ಸು ಹತ್ತಿ ಬಂದವರು. ಜೊತೆಗೆ ಚೆಂಡೆ ಮದ್ದಳೆಯೂ ಬಂತು. ಬೆಳತನಕ ನಡೆಯುತ್ತಿದ್ದ ಆಟ ಇಲ್ಲಿ ಮೂರು ತಾಸಿನ ಕಾಲಮಿತಿಗೆ ಇಳಿಯಿತು, ಕೊನೆಯ ಲೋಕಲ್ ತಪ್ಪಬಾರದಲ್ಲ. ಪೇಟೆ ನಮ್ಮ ಆಟವನ್ನೂ ಬದಲಿಸಿತು.

ಇನ್ನು ಬಡ್ಡಿ ಗೈ ಅವರ ವಿಷಯ. ಕಳೆದ ಸಂಚಿಕೆಯಲ್ಲಿ ಅವರ ದೊಡ್ಡ ಚಿತ್ರ ಹಾಕಿದ್ದು ನಿಮಗೆ ಸಿಟ್ಟು ತಂದಿದೆ. 1936ರಲ್ಲಿ ಲೂಸಿಯಾನದ ಒಂದು ಹಳ್ಳಿಯಲ್ಲಿ, ಪಾಲಿಗೆ ಹೊಲ ಮಾಡುವವರ ಮನೆಯಲ್ಲಿ ಹುಟ್ಟಿದವರು ಅವರು. ಚಿಕ್ಕವರಿದ್ದಾಗ ಗಿಟಾರು ಕೊಳ್ಳಲು ದುಡ್ಡಿರಲಿಲ್ಲ. ಕಿಟಕಿಯ ಸೊಳ್ಳೆ ಪರದೆಯ ತಂತಿ ಕಿತ್ತು, ಅದನ್ನೇ ಬಿಗಿದು ಮೀಟುತ್ತಿದ್ದರಂತೆ. ತತ್ವಪದ ಹಾಡುವವರ ಏಕತಾರಿಗೂ ಆ ತಂತಿಗೂ ಎಷ್ಟು ದೂರ ಹೇಳಿ. 1957ರಲ್ಲಿ ಅವರೂ ಶಿಕಾಗೋಗೆ ಹೋದರು. ಅವರ ಗಿಟಾರಿನ ಮೇಲಿನ ಬಿಳಿ ಚುಕ್ಕೆಗಳನ್ನು ನೋಡಿ ‘ಇದೇನು ಸರ್ಕಸ್ಸು’ ಎಂದು ಬರೆದಿದ್ದೀರಿ. ಊರು ಬಿಡುವಾಗ ಕಾಯಿಲೆಯಲ್ಲಿದ್ದ ತಾಯಿಗೆ ಅವರು ಒಂದು ಸುಳ್ಳು ಹೇಳಿದ್ದರು. ಚುಕ್ಕೆ ಚುಕ್ಕೆಯ ಕ್ಯಾಡಿಲಾಕ್ ಕಾರು ತೆಗೆದುಕೊಂಡು ಬರುತ್ತೇನೆ ಅಂತ. ಕಾರು ತರುವ ಮೊದಲೇ ತಾಯಿ ಹೋದರು. ಆ ಚುಕ್ಕೆ ಗಿಟಾರಿಗೆ ಬಂತು. ಇಲ್ಲಿಗೆ ಬಂದ ನಮ್ಮ ಹುಡುಗರು ಅಮ್ಮನಿಗೆ ಬರೆದ ಕಾಗದಗಳಲ್ಲಿ ಇಂಥ ಸುಳ್ಳು ಎಷ್ಟಿದ್ದವೋ. ಅವುಗಳಲ್ಲಿ ಎಷ್ಟಕ್ಕೆ ನೀವೇ ವಿಳಾಸ ಬರೆದುಕೊಟ್ಟಿರಬಹುದು.

2011ರ ಫೆಬ್ರವರಿಯಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೋದಲ್ಲಿ ಮಹೀಂದ್ರಾ ಬ್ಲೂಸ್ ಉತ್ಸವ ಶುರುವಾದಾಗ ಇದೇ ಬಡ್ಡಿ ಗೈ ಬಂದಿದ್ದರು. ಕೊರೊನಾ ಕಳೆದ ಮೇಲೆ 2023ರಲ್ಲಿ ಮತ್ತೆ ಬಂದರು, ಆಗ ಅವರಿಗೆ 86. ವರ್ಷಕ್ಕೊಮ್ಮೆ ಎರಡು ದಿನ ನಡೆಯುವ ಈ ಉತ್ಸವದಿಂದ ಪೇಪರಿನವರ ಕಣ್ಣು ಬ್ಲೂಸ್ ಮೇಲೆ ಬಿತ್ತು, ಅದು ನಿಜ. ಟಿಕೆಟ್ಟು ಸಾವಿರಗಳ ಲೆಕ್ಕದಲ್ಲಿ, ಅದೂ ನಿಜ. ನಿಮ್ಮ ‘ಹಣವಂತರ ಮಕ್ಕಳು’ ಎಂಬ ಮಾತಿಗೆ ನಾನು ತಲೆಬಾಗುವುದು ಈ ಒಂದು ಕಡೆ. ಆದರೆ ಮುಂಬೈಯ ಬ್ಲೂಸ್ ಆ ಎರಡು ದಿನದಲ್ಲಿ ಮುಗಿಯುವುದಿಲ್ಲ.

ಹಾಗೆ ನೋಡಿದರೆ ಈ ಧಾಟಿ ಇಲ್ಲಿಗೆ ಬಂದೇ ತೊಂಬತ್ತು ವರ್ಷದ ಹತ್ತಿರ ಆಯಿತು. 1935ರಲ್ಲಿ ಲಿಯಾನ್ ಆಬಿ ಎಂಬ ಕಪ್ಪು ಪಿಟೀಲುಗಾರ ತಮ್ಮ ತಂಡ ಕಟ್ಟಿಕೊಂಡು ತಾಜ್ ಹೋಟೆಲಿಗೆ ಬಂದರು. ಆಮೇಲೆ ಟೆಡ್ಡಿ ವೆದರ್‌ಫರ್ಡ್ ಎಂಬ ಪಿಯಾನೋಗಾರ ಬಂದರು. ಅವರು ನುಡಿಸಿದ್ದು ಜಾಝ್. ಆದರೆ ಜಾಝ್‌ನ ಹೊಟ್ಟೆಯೊಳಗೆ ಬ್ಲೂಸ್ ಇದೆ. ಗೋವಾದಿಂದ ಬಂದ ವಾದ್ಯಗಾರರು ಅದನ್ನು ಕಿವಿಯಿಂದಲೇ ಹಿಡಿದರು. ಧೋಬಿ ತಲಾವ್, ಗಿರ್‌ಗಾಂವ್ ಸುತ್ತ ಅವರವರ ಊರಿನವರೇ ಸೇರಿ ಇರುತ್ತಿದ್ದ ‘ಕೂಡ್’ ಎಂಬ ವಸತಿಗಳಲ್ಲಿ, ಪೆಟ್ಟಿಗೆಯೊಂದೇ ಆಸ್ತಿ ಅಂತ ಇದ್ದವರು ಅವರು. ನಮ್ಮವರ ಖೋಲಿಗಳ ಹಾಗೆಯೇ. ಚಿಕ್ ಚಾಕೊಲೇಟ್ ಎಂದು ಹೆಸರಾದ ತುತ್ತೂರಿಗಾರರು ಅವರಲ್ಲೊಬ್ಬರು. ಇಂಥವರೇ ಹಗಲು ಹೊತ್ತು ಹಿಂದಿ ಸಿನಿಮಾದ ವಾದ್ಯವೃಂದದಲ್ಲಿ ಕೂತು ನುಡಿಸಿದರು. ಐವತ್ತರ ದಶಕದ ಆ ಕುಣಿತದ ಹಾಡುಗಳಿಗೆ ನೀವೂ ತಾಳ ಹಾಕಿರುತ್ತೀರಿ. ಅಷ್ಟು ಕಾಲದಿಂದ ಅದು ನಿಮ್ಮ ಕಿವಿಯಲ್ಲಿ ಇದೆ.

ಈಗಿನವರ ವಿಷಯ. ನಮ್ಮ ದೇಶದ ಬ್ಲೂಸ್‌ನ ದೊಡ್ಡ ಹೆಸರು ಮುಂಬೈಯದ್ದಲ್ಲ, ಶಿಲ್ಲಾಂಗಿನದ್ದು. ರೂಡಿ ವಾಲಾಂಗ್ ಮತ್ತು ತಿಪ್ರಿತಿ ಖರ್ಬಂಗಾರ್ ಅವರ ಸೋಲ್‌ಮೇಟ್ ತಂಡ. 2007ರಲ್ಲಿ ಮೆಂಫಿಸ್ ನಗರದ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆಗೂ ಹೋಗಿ ಬಂದವರು. ಅವರು ಮುಂಬೈಗೆ ಬಂದಾಗ ತಪ್ಪಿಸಿಕೊಳ್ಳಬೇಡಿ. ಮುಂಬೈಯವರಲ್ಲಿ ವಾರನ್ ಮೆಂಡೋನ್ಸಾ ಇದ್ದಾರೆ, ಅವರ ತಂಡದ ಹೆಸರು ಬ್ಲ್ಯಾಕ್‌ಸ್ಟ್ರಾಟ್‌ಬ್ಲೂಸ್. ಹೆಚ್ಚಾಗಿ ಗಿಟಾರೇ, ಮಾತು ಕಡಿಮೆ. ಇಂಗ್ಲಿಷಿನ ಗೊಡವೆ ಬೇಡ ಅನ್ನುವ ನಿಮಗೆ ಶುರು ಮಾಡಲು ಇದೇ ಒಳ್ಳೆಯದು.

ಏನು ಕೇಳಿಸಿಕೊಳ್ಳಬೇಕು ಅಂತ ಕೇಳಿದ್ದೀರಿ, ಅಲ್ವಾ? ಬೆರಳು ಮಡಚಿ ಎಣಿಸಿ. ನಾಲ್ಕು ಮಾತ್ರೆಗೆ ಒಂದು ಮನೆ. ಹಾಗೆ ಹನ್ನೆರಡು ಮನೆ. ಮೊದಲ ನಾಲ್ಕು ಮನೆ ಷಡ್ಜದ ಮೇಲೆ. ಆಮೇಲೆ ಎರಡು ಮಧ್ಯಮದ ಮೇಲೆ, ಎರಡು ಮತ್ತೆ ಷಡ್ಜ. ಒಂಬತ್ತನೆಯದು ಪಂಚಮ, ಹತ್ತನೆಯದು ಮಧ್ಯಮ, ಕೊನೆಯ ಎರಡು ಷಡ್ಜಕ್ಕೆ ವಾಪಸ್ಸು. ಪುನಃ ಮೊದಲಿನಿಂದ. ಸಾವಿರಾರು ಬ್ಲೂಸ್ ಹಾಡುಗಳು ಈ ಹನ್ನೆರಡು ಮನೆಯೊಳಗೇ ಸುತ್ತುತ್ತವೆ. ತಾಳ ಗೊತ್ತಿರುವ ನಿಮಗೆ ಎರಡೇ ಸುತ್ತಿಗೆ ಸಿಕ್ಕಿಬಿಡುತ್ತದೆ. ಮಾತು ಇನ್ನೂ ಸುಲಭ. ಮೊದಲ ಸಾಲು ಹೇಳುತ್ತಾರೆ. ಅದನ್ನೇ ಇನ್ನೊಂದು ಸಲ ಹೇಳುತ್ತಾರೆ. ಮೂರನೆಯ ಸಾಲು ಅದಕ್ಕೆ ಉತ್ತರ. ಸುಮ್ನೆ ತಿಳಿಯಲಿ ಅಂತ ಕನ್ನಡದಲ್ಲಿ ಒಂದು ಕಟ್ಟಿದ್ದೇನೆ:

ಬಸ್ಸು ಬಂತು ಅಮ್ಮ, ನಾನು ಹತ್ತಿ ಕೂತೆ
ಬಸ್ಸು ಬಂತು ಅಮ್ಮ, ನಾನು ಹತ್ತಿ ಕೂತೆ
ಧೂಳು ಇಳಿಯುವ ತನಕ ನೀನು ನಿಂತೇ ಇದ್ದೆಯಂತೆ

ಹಾಡುವವರು ಒಂದು ಸಾಲು ಮುಗಿಸಿದ ಮೇಲೆ ಸ್ವಲ್ಪ ಜಾಗ ಬಿಡುತ್ತಾರೆ. ಆ ಜಾಗದಲ್ಲಿ ಗಿಟಾರು ಮಾತಾಡುತ್ತದೆ. ಗದ್ದೆಯಲ್ಲಿ ಸಾಲಿನವರು ಉತ್ತರ ಕೊಡುತ್ತಿದ್ದ ಜಾಗ ಅದು.

ಇನ್ನೊಂದು ಇದೆ, ಅದು ನನಗೆ ಎಲ್ಲಕ್ಕಿಂತ ಇಷ್ಟ. ಲೋವರ್ ಪರೇಲಿನ ಒಂದು ಚಿಕ್ಕ ಕೋಣೆಯಲ್ಲಿ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತು ನೋಡಿದ್ದೇನೆ. ಗಿಟಾರಿನವನು ಕಣ್ಣು ಮುಚ್ಚಿದ್ದ. ಉಂಗುರ ಬೆರಳಿನಿಂದ ಒಂದು ತಂತಿಯನ್ನು ಒತ್ತಿ ಮೇಲಕ್ಕೆ ತಳ್ಳಿದ. ಹಿಂದೆ ಇನ್ನೆರಡು ಬೆರಳು ಆಸರೆ ಕೊಟ್ಟಿದ್ದವು. ತಂತಿ ಪಕ್ಕದ ತಂತಿಗೆ ತಾಗುವಷ್ಟು ಬಾಗಿತು, ಬೆರಳ ತುದಿ ಬೆಳ್ಳಗಾಯಿತು. ಸ್ವರ ಕೋಮಲ ಗಾಂಧಾರದಿಂದ ಎದ್ದು ಶುದ್ಧ ಗಾಂಧಾರದ ಕಡೆಗೆ ಹೊರಟಿತು. ತಲುಪಲಿಲ್ಲ. ನಡುವೆಯೇ ನಿಂತು ನಡುಗಿತು. ಹಾರ್ಮೋನಿಯಂನಲ್ಲಿ ಆ ಸ್ವರಕ್ಕೆ ಮನೆಯೇ ಇಲ್ಲ. ಬ್ಲೂಸ್‌ನ ನೋವೆಲ್ಲ ಆ ನಡುವಿನ ಜಾಗದಲ್ಲಿ ಕೂತಿರುತ್ತದೆ. ಸಿತಾರಿನಲ್ಲಿ ತಂತಿ ಎಳೆದು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಕೇಳಿ ತಲೆದೂಗುವ ನಮಗೆ ಇದು ಹೊರಗಿನದು ಅಂತ ನನಗೆ ಯಾವತ್ತೂ ಅನಿಸಿಲ್ಲ.

ನನಗೆ ಕಳವಳ ಇರುವುದು ಇಂಥ ಕೋಣೆಗಳ ಬಗ್ಗೆ. 2007ರಲ್ಲಿ ಲೋವರ್ ಪರೇಲಿನ ಹಳೆಯ ಗಿರಣಿ ಆವರಣದಲ್ಲಿ ಬ್ಲೂ ಫ್ರಾಗ್ ಶುರುವಾಯಿತು. ಸಿನಿಮಾ ಹಾಡು ನುಡಿಸದ ತಂಡಗಳಿಗೂ ಅಲ್ಲಿ ಒಳ್ಳೆಯ ಸೌಂಡು, ಒಳ್ಳೆಯ ವೇದಿಕೆ ಸಿಗುತ್ತಿತ್ತು. 2016ರಲ್ಲಿ ಬಾಗಿಲು ಹಾಕಿತು. ಅದಕ್ಕೂ ಮುಂಚೆ ಧೋಬಿ ತಲಾವ್‌ನಲ್ಲಿ ರಂಗಭವನ ಇತ್ತು, ಬಯಲು ರಂಗಮಂದಿರ. 1978ರಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವ ಅಲ್ಲಿ ನಡೆಯುತ್ತಿತ್ತು, ಕಾಲೇಜು ಹುಡುಗರು ಕಡಿಮೆ ದುಡ್ಡಿನಲ್ಲಿ ಕೂತು ಕೇಳುತ್ತಿದ್ದರು. ಸುತ್ತ ಆಸ್ಪತ್ರೆ, ಕಾಲೇಜು. 2000ದಲ್ಲಿ ಶಬ್ದ ಮಾಲಿನ್ಯದ ನಿಯಮ ಬಂದ ಮೇಲೆ ಆ ಜಾಗ ಮೌನ ವಲಯದೊಳಗೆ ಬಂತು, ಕೆಲವೇ ವರ್ಷದಲ್ಲಿ ಸಂಗೀತ ನಿಂತೇ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದವರಿಗೆ ನಿದ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬದಲಿಗೆ ಇನ್ನೊಂದು ಬಯಲು ರಂಗ ಕಟ್ಟಿ ಕೊಡಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಾತ್ರಿ ಹತ್ತಕ್ಕೆ ಮೈಕು ಬಂದ್ ಆಗುವಾಗ ನಮ್ಮ ಭಾಗವತರೂ ಪದ ನಿಲ್ಲಿಸುತ್ತಾರೆ, ಬ್ಲೂಸ್ ಹುಡುಗರ ಗಿಟಾರೂ ನಿಲ್ಲುತ್ತದೆ. ಕಡಿಮೆ ಬಾಡಿಗೆಯ ಸಣ್ಣ ಸಭಾಂಗಣ ಹುಡುಕಿ ಅಲೆಯುವುದರಲ್ಲಿ ಯಕ್ಷಗಾನ ಮಂಡಳಿಯವರಿಗೂ ಈ ಹುಡುಗರಿಗೂ ವ್ಯತ್ಯಾಸವೇ ಇಲ್ಲ. ಇಬ್ಬರೂ ಸೇರಿ ಕೇಳಿದರೆ ಪಾಲಿಕೆಗೂ ಕಿವಿ ಬಂದೀತು.

ಮೊಮ್ಮಗಳ ವಿಷಯ. ಹದಿನಾರರ ಹುಡುಗಿಯನ್ನು ಕ್ಲಬ್ಬುಗಳ ರಾತ್ರಿ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಬೇಡಿ. ಹೆಚ್ಚಿನವು ಬಾರ್‌ಗಳೇ, ಬಾಗಿಲಲ್ಲೇ ವಯಸ್ಸು ಕೇಳಿ ವಾಪಸ್ಸು ಕಳಿಸುತ್ತಾರೆ, ಮಗು ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಜನವರಿ ಕೊನೆ, ಫೆಬ್ರವರಿ ಮೊದಲ ಹೊತ್ತಿಗೆ ಕಾಲಾ ಘೋಡಾ ಉತ್ಸವ ಒಂಬತ್ತು ದಿನ ನಡೆಯುತ್ತದೆ. ಪ್ರವೇಶಕ್ಕೆ ದುಡ್ಡಿಲ್ಲ, ಸಂಜೆ ಹೊತ್ತು ಬಗೆಬಗೆಯ ಸಂಗೀತ ಇರುತ್ತದೆ. ಆ ವರ್ಷದ ಪಟ್ಟಿಯಲ್ಲಿ ಬ್ಲೂಸ್ ಅಥವಾ ಜಾಝ್ ತಂಡ ಇದೆಯಾ ನೋಡಿಕೊಂಡು ಹೊರಡಿ. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದರೆ ಸೀದಾ ಸಿಎಸ್‌ಎಂಟಿ ನಿಲ್ದಾಣ, ಅಲ್ಲಿಂದ ನಡೆದೇ ಹೋಗಬಹುದು. ನರಿಮನ್ ಪಾಯಿಂಟಿನ ಎನ್‌ಸಿಪಿಎ ಎಂಬ ಕಲಾಕೇಂದ್ರದ ಕಾರ್ಯಕ್ರಮಗಳ ಮೇಲೂ ಕಣ್ಣಿಡಿ. ಅಲ್ಲಿ ಕುರ್ಚಿಯಲ್ಲಿ ಕೂತು ಕೇಳಬಹುದು, ನಿಮ್ಮ ಮೊಣಕಾಲಿಗೂ ಅದು ಒಳ್ಳೆಯದು. ಹೋದ ದಿನ ಸ್ವಲ್ಪ ಬೇಗ ಹೊರಟು ಧೋಬಿ ತಲಾವ್‌ಗೂ ಹೋಗಿ ಬನ್ನಿ. ಫರ್ಟಾಡೋಸ್ ಎಂಬ ವಾದ್ಯಗಳ ಅಂಗಡಿ 1865ರಿಂದ ಇದೆ. ಏನೂ ಕೊಳ್ಳದಿದ್ದರೂ ಪರವಾಗಿಲ್ಲ, ಸಾಲಾಗಿ ತೂಗುಹಾಕಿದ ಗಿಟಾರುಗಳನ್ನು ಅವಳು ಕಣ್ಣು ತುಂಬ ನೋಡಲಿ.

ಹೊರಗೆ ಬಂದ ಮೇಲೆ ರೈಲಿನಲ್ಲಿ ಅವಳಿಗೆ ನಿಮ್ಮ ಊರಿನ ಪಾಡ್ದನ ಒಂದನ್ನು ಮೆಲ್ಲಗೆ ಹೇಳಿಕೊಡಿ. ಗಿಟಾರಿನಲ್ಲಿ ಅದನ್ನು ಹಿಡಿಯಲು ಆಗುತ್ತದಾ ಕೇಳಿ.

ನನಗೂ ನಿಮ್ಮಿಂದ ಒಂದು ಉಪಕಾರ ಆಗಬೇಕು. ಬರುವ ಸಂಚಿಕೆಯಲ್ಲಿ ಮುಂಬೈಯ ತಾಳಮದ್ದಳೆ, ಯಕ್ಷಗಾನಕ್ಕೆ ಎರಡು ಪೂರ್ತಿ ಪುಟ ತೆಗೆದಿಟ್ಟಿದ್ದೇನೆ. ಮಾಟುಂಗದ ಆ ಸಂಜೆ ನೀವು ಮುಂದಿನ ಸಾಲಿನಲ್ಲೇ ಕೂತಿದ್ದಿರಂತೆ. ವಾದ ಎಲ್ಲಿ ಏರಿತು, ಎಲ್ಲಿ ಇಳಿಯಿತು, ನೀವೇ ಬರೆದು ಕಳಿಸಿ. ಜೊತೆಗೆ ನಿಮ್ಮ ತಾಯಿ ಗದ್ದೆಯಲ್ಲಿ ಎತ್ತಿಕೊಡುತ್ತಿದ್ದ ಪದ ನೆನಪಿದ್ದರೆ ಅದನ್ನೂ ಬರೆಯಿರಿ. ಸಾಲಿನವರು ಎಲ್ಲಿ ಹಿಡಿದುಕೊಳ್ಳುತ್ತಿದ್ದರು ಅನ್ನುವುದಕ್ಕೆ ಒಂದು ಗುರುತು ಹಾಕಿ. ಶಾಯಿ ನೀಲಿಯೇ ಇರಲಿ.

ನಿಮ್ಮ,
ಸಂಪಾದಕ