‘ಆಂತರಿಕ ವಿಚಾರ’ ಎಂಬ ಮಾತು ಎಲ್ಲಿಯವರೆಗೆ ನಡೆಯುತ್ತದೆ?

ಒಂದು ದೇಶ ತನ್ನ ಪ್ರಜೆಗಳೊಂದಿಗೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ವಿಶ್ವಸಂಸ್ಥೆ, ಅಂತರರಾಷ್ಟ್ರೀಯ ನ್ಯಾಯಾಲಯಗಳು ಮತ್ತು ಮಾನವ ಹಕ್ಕುಗಳ ಒಪ್ಪಂದಗಳು ಹೇಳುವಂತಾದರೆ ಆ ದೇಶದ ಸಾರ್ವಭೌಮತ್ವ ಹೆಸರಿಗಷ್ಟೇ ಉಳಿದಂತಾಗುವುದಿಲ್ಲವೇ ಎಂದು ಕೇಳಿದ್ದೀರಿ. ಹಲವು ವರ್ಷ ಕಾನೂನು ವಿದ್ಯಾರ್ಥಿಗಳಿಗೆ ಈ ವಿಷಯವನ್ನೇ ಪಾಠ ಮಾಡಿರುವ ನನಗೆ ತೋರುವುದು ಇಷ್ಟು: ಸಾರ್ವಭೌಮತ್ವ ಉಳಿದಿದೆ, ಹೋಗಿರುವುದು ‘ಇದು ನಮ್ಮ ಆಂತರಿಕ ವಿಚಾರ, ನೀವು ಕೇಳುವಂತಿಲ್ಲ’ ಎಂದು ಹೇಳಿ ಮಾತು ಮುಗಿಸುವ ಅವಕಾಶ.

1945ರ ವಿಶ್ವಸಂಸ್ಥೆಯ ಸನ್ನದನ್ನೇ ತೆಗೆದುಕೊಳ್ಳಿ. ಎಲ್ಲ ಸದಸ್ಯ ರಾಷ್ಟ್ರಗಳೂ ಸಾರ್ವಭೌಮತ್ವದಲ್ಲಿ ಸಮಾನವೆಂದು ಅದರ 2ನೇ ವಿಧಿ ಆರಂಭದಲ್ಲೇ ಹೇಳುತ್ತದೆ. ಅದೇ ವಿಧಿಯ 7ನೇ ಉಪವಿಧಿ, ಮೂಲತಃ ಒಂದು ರಾಷ್ಟ್ರದ ಆಂತರಿಕ ವ್ಯಾಪ್ತಿಗೆ ಸೇರಿದ ವಿಷಯಗಳಲ್ಲಿ ವಿಶ್ವಸಂಸ್ಥೆ ತಲೆಹಾಕುವಂತಿಲ್ಲ ಎಂದು ವಿಧಿಸುತ್ತದೆ. ಆದರೆ 55 ಮತ್ತು 56ನೇ ವಿಧಿಗಳ ಪ್ರಕಾರ ಮಾನವ ಹಕ್ಕುಗಳಿಗೆ ಗೌರವ ದೊರೆಯುವಂತೆ ಮಾಡಲು ಸಹಕರಿಸುತ್ತೇವೆಂದು ಸದಸ್ಯ ರಾಷ್ಟ್ರಗಳೇ ಮಾತು ಕೊಟ್ಟಿವೆ. ಈ ಎರಡು ಮಾತುಗಳ ನಡುವಿನ ಎಳೆದಾಟ ಸನ್ನದಿನೊಳಗೇ ಇದೆ, ಹೊರಗಿನಿಂದ ಆಮೇಲೆ ಬಂದು ಸೇರಿದ್ದಲ್ಲ.

ಮರುವರ್ಷವೇ ಅದರ ಪರೀಕ್ಷೆ ನಡೆಯಿತು. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಮೂಲದವರು ಎಲ್ಲಿ ಜಮೀನು ಕೊಳ್ಳಬಹುದು, ಎಲ್ಲಿ ವಾಸಿಸಬಹುದು ಎಂಬುದನ್ನು ಬಿಗಿಗೊಳಿಸುವ ಕಾನೂನು 1946ರಲ್ಲಿ ಜಾರಿಗೆ ಬಂದಾಗ, ಭಾರತ ಆ ವಿಷಯವನ್ನು ವಿಶ್ವಸಂಸ್ಥೆಯ ಮಹಾಸಭೆಯ ಮುಂದಿಟ್ಟಿತು. ನಿಯೋಗದ ನೇತೃತ್ವ ವಹಿಸಿದ್ದವರು ವಿಜಯಲಕ್ಷ್ಮಿ ಪಂಡಿತ್. ದಕ್ಷಿಣ ಆಫ್ರಿಕಾದ ಪರವಾಗಿ ಪ್ರಧಾನಿ ಯಾನ್ ಸ್ಮಟ್ಸ್, ಇದು ತಮ್ಮ ದೇಶದ ಆಂತರಿಕ ವಿಚಾರವೆಂದು 2(7)ರ ಮೊರೆಹೊಕ್ಕರು. ಸನ್ನದಿನ ಪೀಠಿಕೆಯನ್ನು ರೂಪಿಸುವುದರಲ್ಲಿ ಕೈಜೋಡಿಸಿದ್ದವರೂ ಇದೇ ಸ್ಮಟ್ಸ್ ಎಂಬುದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ. ಈ ವಿಷಯ ಚರ್ಚೆಗೆ ಯೋಗ್ಯವೇ ಎಂಬುದನ್ನು ಮೊದಲು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಲಿ ಎಂಬ ಅವರ ವಾದವನ್ನು ಮಹಾಸಭೆ ಒಪ್ಪದೆ, ಡಿಸೆಂಬರ್ 8ರಂದು ಭಾರತದ ದೂರಿನ ಮೇಲೆ ನಿರ್ಣಯ ಅಂಗೀಕರಿಸಿತು. ಆ ನಿರ್ಣಯದಿಂದ ಯಾರ ಬದುಕೂ ಒಡನೆಯೇ ಬದಲಾಗಲಿಲ್ಲ. ಎರಡೇ ವರ್ಷಗಳಲ್ಲಿ ಅಲ್ಲಿ ವರ್ಣಭೇದ ನೀತಿ ಇನ್ನಷ್ಟು ಕಠೋರವಾಯಿತು. ಆದರೆ ವಿಷಯ ಕಾರ್ಯಸೂಚಿಯಿಂದ ಮತ್ತೆ ಕೆಳಗಿಳಿಯಲಿಲ್ಲ. 1977ರಲ್ಲಿ ಭದ್ರತಾ ಮಂಡಳಿ ತನ್ನ 418ನೇ ನಿರ್ಣಯದ ಮೂಲಕ ದಕ್ಷಿಣ ಆಫ್ರಿಕಾಕ್ಕೆ ಶಸ್ತ್ರಾಸ್ತ್ರ ಮಾರುವುದನ್ನು ಎಲ್ಲ ದೇಶಗಳಿಗೂ ನಿಷೇಧಿಸಿತು. ಒಂದು ಪ್ರಶ್ನೆಯನ್ನು ಕೇಳಬಹುದೆಂದು ಸಾಬೀತಾಗುವುದಕ್ಕೂ ಅದಕ್ಕೆ ಬಲ ಬರುವುದಕ್ಕೂ ನಡುವೆ ಮೂವತ್ತೊಂದು ವರ್ಷ ಹಿಡಿಯಿತು.

ಆಂತರಿಕ ವಿಚಾರದ ಗಡಿ ಕದಲುತ್ತದೆ ಎಂಬ ತಿಳಿವಳಿಕೆ ಅದಕ್ಕಿಂತಲೂ ಹಳೆಯದು. ಟ್ಯುನೀಷಿಯಾ ಮತ್ತು ಮೊರಾಕೊದ ಪೌರತ್ವ ಆದೇಶಗಳ ಕುರಿತು 1923ರಲ್ಲಿ ಅಂದಿನ ಕಾಯಂ ಅಂತರರಾಷ್ಟ್ರೀಯ ನ್ಯಾಯಾಲಯ ಕೊಟ್ಟ ಅಭಿಪ್ರಾಯದ ಸಾರವೇ ಅದು: ಯಾವುದು ಕೇವಲ ಆಂತರಿಕ ಎಂಬುದು ಅಂತರರಾಷ್ಟ್ರೀಯ ಸಂಬಂಧಗಳು ಬೆಳೆದಂತೆ ಬದಲಾಗುತ್ತದೆ. ಅದೇ ವರ್ಷ ವಿಂಬಲ್ಡನ್ ಎಂಬ ಹಡಗಿನ ಪ್ರಕರಣದಲ್ಲಿ, ಒಪ್ಪಂದಕ್ಕೆ ಕಟ್ಟುಬೀಳುವುದರಿಂದ ಸಾರ್ವಭೌಮತ್ವವನ್ನು ಬಿಟ್ಟುಕೊಟ್ಟಂತಾಗುತ್ತದೆ ಎಂಬುದನ್ನು ಒಪ್ಪದ ಅದೇ ನ್ಯಾಯಾಲಯ, ಒಪ್ಪಂದ ಮಾಡಿಕೊಳ್ಳುವ ಅಧಿಕಾರವೇ ಸಾರ್ವಭೌಮತ್ವದ ಒಂದು ಲಕ್ಷಣವೆಂದು ಹೇಳಿತು. ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಮೊದಲು ಓದಿಸುತ್ತಿದ್ದದ್ದು ಈ ಎರಡನ್ನೇ.

ಮಾನವ ಹಕ್ಕುಗಳ ಒಪ್ಪಂದ ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಆಸ್ಟ್ರೇಲಿಯಾದ ಒಂದು ಪ್ರಕರಣದಲ್ಲಿ ಹತ್ತಿರದಿಂದ ನೋಡಬಹುದು. ವಯಸ್ಕ ಪುರುಷರ ನಡುವಿನ ಸಮ್ಮತಿಯ ಸಲಿಂಗ ಸಂಬಂಧ ಟಾಸ್ಮೇನಿಯಾ ರಾಜ್ಯದಲ್ಲಿ ಆಗಿನ್ನೂ ಅಪರಾಧವಾಗಿತ್ತು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯಡಿ ವ್ಯಕ್ತಿಗಳೇ ನೇರವಾಗಿ ದೂರು ಕೊಡಲು ಅವಕಾಶ ನೀಡುವ ಪೂರಕ ಒಪ್ಪಂದ ಆಸ್ಟ್ರೇಲಿಯಾಕ್ಕೆ ಅನ್ವಯವಾದದ್ದು 1991ರ ಡಿಸೆಂಬರ್ 25ರಂದು. ನಿಕೋಲಸ್ ಟೂನೆನ್ ಎಂಬ ಟಾಸ್ಮೇನಿಯಾದ ನಿವಾಸಿ ಅದೇ ದಿನಾಂಕದಲ್ಲಿ ದೂರು ಸಲ್ಲಿಸಿದರು. ನೈತಿಕತೆಯ ಪ್ರಶ್ನೆ ಸ್ಥಳೀಯವಾಗಿ ತೀರ್ಮಾನವಾಗಬೇಕಾದದ್ದು ಎಂದು ಟಾಸ್ಮೇನಿಯಾ ವಾದಿಸಿತು. 1994ರಲ್ಲಿ ಹದಿನೆಂಟು ತಜ್ಞರ ಮಾನವ ಹಕ್ಕುಗಳ ಸಮಿತಿ ಆ ವಾದವನ್ನು ತಳ್ಳಿಹಾಕಿ, ಈ ಕಾನೂನು ಖಾಸಗಿತನದ ಹಕ್ಕಿಗೆ ವಿರುದ್ಧವೆಂದು ತಿಳಿಸಿತು. ಈ ಸಮಿತಿಗೆ ಪೊಲೀಸರಿಲ್ಲ, ದಂಡ ಹಾಕುವ ಅಧಿಕಾರವಿಲ್ಲ. ಆದರೂ ಆಸ್ಟ್ರೇಲಿಯಾದ ಸಂಸತ್ತು ಅದೇ ವರ್ಷ ಖಾಸಗಿತನವನ್ನು ರಕ್ಷಿಸುವ ಕಾಯ್ದೆ ಮಾಡಿತು, 1997ರಲ್ಲಿ ಟಾಸ್ಮೇನಿಯಾ ತಾನೇ ಆ ಕಲಮುಗಳನ್ನು ರದ್ದುಪಡಿಸಿತು. ಕಾನೂನು ಮಾಡಿದ್ದೂ ರದ್ದುಪಡಿಸಿದ್ದೂ ಆ ದೇಶದ ಶಾಸನಸಭೆಗಳೇ. ಒಪ್ಪಂದ ಕೊಟ್ಟದ್ದು ಒಬ್ಬ ನಾಗರಿಕನಿಗೆ ತನ್ನ ಸರ್ಕಾರವನ್ನು ಉತ್ತರ ಕೇಳಲು ಇನ್ನೊಂದು ವೇದಿಕೆಯನ್ನು.

ಬಲಪ್ರಯೋಗದ ವಿಷಯಕ್ಕೆ ಬಂದರೆ ನಿಮ್ಮ ಆತಂಕ ನ್ಯಾಯವಾದದ್ದೇ. ಶಾಂತಿಗೆ ಬೆದರಿಕೆ ಒದಗಿದಾಗಿನ ಕ್ರಮಗಳನ್ನು ಹೇಳುವ ಸನ್ನದಿನ 7ನೇ ಅಧ್ಯಾಯದಡಿ ಭದ್ರತಾ ಮಂಡಳಿ ಕೈಗೊಳ್ಳುವ ಬಲವಂತದ ಕ್ರಮಗಳಿಗೆ 2(7) ಅಡ್ಡಬರುವುದಿಲ್ಲ, ಮತ್ತು ಆ ಮಂಡಳಿಯಲ್ಲಿ ಐದು ದೇಶಗಳಿಗೆ ವಿಟೋ, ಅಂದರೆ ಒಂಟಿಯಾಗಿಯೇ ನಿರ್ಣಯವನ್ನು ತಡೆಯುವ, ಅಧಿಕಾರವಿದೆ. 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ನರಮೇಧ ನಡೆಯುತ್ತಿದ್ದಾಗಲೇ ಈ ಮಂಡಳಿ ಅಲ್ಲಿದ್ದ ಶಾಂತಿಪಡೆಯನ್ನು 270 ಮಂದಿಗೆ ಇಳಿಸಲು ನಿರ್ಧರಿಸಿತು. 2011ರ ಮಾರ್ಚ್‌ನಲ್ಲಿ ಲಿಬಿಯಾದ ನಾಗರಿಕರ ರಕ್ಷಣೆಗೆಂದು ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಆ ಕಾರ್ಯಾಚರಣೆ ಅಲ್ಲಿನ ಆಡಳಿತವನ್ನೇ ಉರುಳಿಸುವವರೆಗೆ ಹೋಯಿತು. ಲಿಬಿಯಾ ಕುರಿತ ಆ ನಿರ್ಣಯಕ್ಕೆ ಮತ ಹಾಕದೆ ದೂರ ಉಳಿದಿದ್ದ ಐದು ದೇಶಗಳಲ್ಲಿ ಸೇರಿದ್ದ ರಷ್ಯಾ ಮತ್ತು ಚೀನಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಿರಿಯಾ ಕುರಿತ ನಿರ್ಣಯಕ್ಕೆ ವಿಟೋ ಹಾಕಿದವು. ಬಲಿಷ್ಠರ ಸಾರ್ವಭೌಮತ್ವಕ್ಕೆ ಒಂದು ಅಳತೆ, ದುರ್ಬಲರದಕ್ಕೆ ಇನ್ನೊಂದು ಎಂಬ ದೂರಿಗೆ ಇಲ್ಲಿ ಆಧಾರವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದು ಮಂಡಳಿಯ ರಚನೆಯ ದೋಷ. ಅದನ್ನು ಮಾನವ ಹಕ್ಕುಗಳ ಕಾನೂನಿನ ತಲೆಗೆ ಕಟ್ಟಿದರೆ ಟೂನೆನ್‌ರಂಥವರು ತಮಗಿರುವ ಒಂದೇ ದಾರಿಯನ್ನೂ ಕಳೆದುಕೊಳ್ಳುತ್ತಾರೆ.

ಬೇಡವಾದ ದೇಶ ಹೊರಬರಬಹುದೇ ಎಂದೂ ಕೇಳಿದ್ದೀರಿ. ಅದು ಆಯಾ ಒಪ್ಪಂದವನ್ನು ಅವಲಂಬಿಸಿದೆ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದಿಂದ ಬುರುಂಡಿ 2017ರಲ್ಲಿ, ಫಿಲಿಪೈನ್ಸ್ 2019ರಲ್ಲಿ ಹೊರನಡೆದವು, ಯಾರೂ ತಡೆಯಲಿಲ್ಲ. ಆದರೆ ಸದಸ್ಯತ್ವದ ಅವಧಿಯಲ್ಲಿ ಹುಟ್ಟಿದ ಹೊಣೆಗಳು ಹೊರನಡೆದ ಮಾತ್ರಕ್ಕೆ ಅಳಿಯುವುದಿಲ್ಲವೆಂದು ಆ ಶಾಸನದ 127ನೇ ವಿಧಿ ಹೇಳುತ್ತದೆ. ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ನಡೆದ ಹತ್ಯೆಗಳ ಆರೋಪದ ಮೇಲೆ ಮಾಜಿ ಅಧ್ಯಕ್ಷ ರೊಡ್ರಿಗೊ ಡುಟರ್ಟೆಯವರ ವಿರುದ್ಧ ಆ ನ್ಯಾಯಾಲಯ ಹೊರಡಿಸಿದ ವಾರಂಟ್ 2025ರ ಮಾರ್ಚ್‌ನಲ್ಲಿ ಜಾರಿಯಾದಾಗ, ಮನಿಲಾ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಿದವರು ಫಿಲಿಪೈನ್ಸ್‌ನದೇ ಪೊಲೀಸರು. ಆ ನ್ಯಾಯಾಲಯವಿರುವ ಹೇಗ್‌ಗೆ ಒಪ್ಪಿಸಿದ್ದು ಅದೇ ದೇಶದ ಸರ್ಕಾರ.